ಬೆಂಗಳೂರಿನ ಬೆಲೂನು ಯಂತ್ರಗಳು: ವಿಶ್ವಕಿರಣದಿಂದ ಅತಿನೇರಳೆಯವರೆಗೆ

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು 2010ರ ಅನಂತರದ ವರ್ಷಗಳಲ್ಲಿ ಹೊಸಕೋಟೆಯ ತಮ್ಮ ಆವರಣದಿಂದ ಸಣ್ಣ ಬೆಲೂನುಗಳನ್ನು ಮೇಲಕ್ಕೆ ಬಿಟ್ಟು, ವಿದ್ಯಾರ್ಥಿಗಳೂ ಸೇರಿ ಕಟ್ಟಿದ ಹಗುರವಾದ ಯಂತ್ರಗಳಿಂದ ವಾಯುಮಂಡಲದ ಅತಿನೇರಳೆ ಕಿರಣಗಳನ್ನು ಅಳೆಯುವ ಕಾರ್ಯದಲ್ಲಿ ತೊಡಗಿದುದು ವಿಜ್ಞಾನಾಸಕ್ತರಿಗೆ ವಿದಿತವೇ ಆಗಿದೆ. ಇಂತಹ ಉದ್ಯಮವು ಈ ನಗರಕ್ಕೆ ತೀರ ನೂತನವೆಂದು ಹಲವರು ಭಾವಿಸಿರುವರು. ಅದು ಸಮಂಜಸವಲ್ಲ. ಇದಕ್ಕೆ ಇಲ್ಲಿ ಎಂಬತ್ತು ವರ್ಷಗಳಿಗೆ ಮಿಗಿಲಾದ ಪೂರ್ವೇತಿಹಾಸವುಂಟು. ಅದನ್ನು ಬಿಟ್ಟು ವಿವೇಚಿಸಿದರೆ ಹಾರಾಟಕ್ಕಿಂತ ಸಿದ್ಧತೆಗೇ ಏಕೆ ಅಧಿಕ ಶ್ರಮವೆಂಬುದು ತಿಳಿಯಲಾರದು.

ಮೊದಲು ಶಬ್ದದ ವಿಚಾರವಾಗಿ ಒಂದು ಮಾತು. ಈ ಕಿರಣಗಳನ್ನು ಕೆಲವರು 'ನೇರಳಾತೀತ'ವೆನ್ನುವರು. ನೇರಳೆಯೆಂಬ ಕನ್ನಡ ಪದಕ್ಕೆ ಅತೀತವೆಂಬ ಸಂಸ್ಕೃತ ಪದವನ್ನು ಹೊಂದಿಸುವುದು ಸ್ಪಷ್ಟವಾಗಿ ಅರಿಸಮಾಸ. ಕನ್ನಡ ಸಂಧಿಯಾಗಬೇಕಾದೆಡೆ ದೀರ್ಘವು ಬಂದಿರುವುದು ಎರಡನೆಯ ದೋಷ. 'ಅತಿನೇರಳೆ'ಯೂ ಪೂರ್ಣ ನಿರ್ದುಷ್ಟವಲ್ಲ. ಆದರೂ ಕಿವಿಗೆ ಒಗ್ಗುವುದರಿಂದ ಅದನ್ನೇ ಇಲ್ಲಿ ಬಳಸಿದೆ. ಪ್ರಯೋಗರೂಢಿಗೆ ಕೇಶಿರಾಜನೂ ಮನ್ನಣೆಯಿತ್ತಿರುವನಷ್ಟೆ.

1939-40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್, ವಿಕ್ಟರ್ ನೇಹರ್, ವಿಲಿಯಂ ಪಿಕರಿಂಗ್ ಎಂಬ ಮೂವರು ಭಾರತಕ್ಕೆ ಬಂದು ಬೆಂಗಳೂರು, ಆಗ್ರಾ, ಪೆಷಾವರಗಳಿಂದ ವಿಶ್ವಕಿರಣಮಾಪಕಗಳನ್ನು ಬೆಲೂನುಗಳಿಗೆ ಕಟ್ಟಿ ಹಾರಿಸಿದರು. ಬೆಂಗಳೂರು ಭೂಗೋಳದ ಲೆಕ್ಕದಲ್ಲಿ ಉತ್ತರಕ್ಕೆ 13 ಅಂಶಗಳಲ್ಲಿದ್ದರೂ ಭೂಕಾಂತದ ಲೆಕ್ಕದಲ್ಲಿ ಅವರು ಗಣಿಸಿದಂತೆ 3 ಅಂಶಗಳಲ್ಲಿಯೇ ಇದ್ದಿತು. ಇಲ್ಲಿ ಭೂಮಿಯ ಕಾಂತಶಕ್ತಿಯು ದ್ವಾರಪಾಲಕನಂತೆ ನಿಂತು, ಸುಮಾರು 1700 ಕೋಟಿ ಎಲೆಕ್ಟ್ರಾನ್ ವೋಲ್ಟುಗಳಿಗೆ ಕಡಮೆಯಾದ ಶಕ್ತಿಯ ಕಣಗಳನ್ನು ನೆಟ್ಟಗೆ ಇಳಿಯಗೊಡದು. ಉತ್ತರಕ್ಕೆ ಹೋದಂತೆ ತಡೆ ಸಡಿಲವಾಗುವುದು. ಆದುದರಿಂದ ಮೂರು ಊರುಗಳ ಅಂಕೆಗಳನ್ನು ಹೋಲಿಸಿದರೆ ಯಾವ ಶಕ್ತಿಯ ಕಣಗಳು ಎಷ್ಟು ಬರುವುವೆಂದು ತಿಳಿಯಬಹುದಾಗಿತ್ತು.

ಅಂತರಿಕ್ಷದಲ್ಲಿ ಕೆಲವು ಪರಮಾಣುಗಳು ಸಂಪೂರ್ಣವಾಗಿ ಲಯಿಸಿ ವಿಶ್ವಕಿರಣಗಳಾಗುವುವೆಂಬುದು ಮಿಲಿಕನ್ನರ ಪಕ್ಷ. ಭಾರತದ ಮಾಪನಗಳು ತಮಗೆ ಅನುಕೂಲವೆಂದೇ ಅವರು ವಾದಿಸಿದರು. 1948ರಲ್ಲಿ ಅಮೆರಿಕದ ಬೆಲೂನು ಪ್ರಯೋಗಗಳಲ್ಲಿ ಭಾರವಾದ ಪರಮಾಣುಬೀಜಗಳು ವಿಶ್ವಕಿರಣಗಳಲ್ಲಿಯೇ ಕಂಡುಬಂದ ಮೇಲೆ ಆ ಪಕ್ಷಕ್ಕೆ ನೆಲೆಯುಳಿಯಲಿಲ್ಲ. ಸಿದ್ಧಾಂತವು ಬಿದ್ದಿತು, ಅಂಕೆಗಳು ಬೀಳಲಿಲ್ಲ. ಯಂತ್ರವನ್ನು ಸರಿಯಾಗಿ ಸಿದ್ಧಗೊಳಿಸಿದ್ದುದೇ ಅದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ಆ ದಿನಗಳಲ್ಲಿಯೇ ಹೋಮಿ ಭಾಭಾ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಯನ್ನು ಆರಂಭಿಸಿದರು. 1945ರಲ್ಲಿ ಬೆಂಗಳೂರಿನಲ್ಲಿಯೇ ಮೊದಲಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಬೇಗನೆ ಮುಂಬಯಿಗೆ ಹೋಯಿತು, ಅದರ ದೊಡ್ಡ ಬೆಲೂನುಗಳ ಕೇಂದ್ರವು ಮುಂದೆ ಹೈದರಾಬಾದಿನಲ್ಲಿ ನೆಲಸಿತು.

ಅತಿನೇರಳೆಯ ಕಥೆ ಇದಕ್ಕಿಂತ ಹಳೆಯದು. 1801ರಲ್ಲಿ ಜರ್ಮನಿಯ ರಿಟ್ಟರನು, ನೇರಳೆಯ ಆಚೆ ಏನೂ ಕಾಣದ ಎಡೆಯಲ್ಲಿಯೂ ಬೆಳ್ಳಿಯ ಲವಣವು ಕಪ್ಪಾಗುವುದನ್ನು ಕಂಡನು. ಸೂರ್ಯನ ಈ ಕಿರಣಗಳಲ್ಲಿ 280 ನ್ಯಾನೊಮೀಟರುಗಳಿಗಿಂತ ಕಿರಿದಾದ ಅಲೆಗಳು ನೆಲವನ್ನು ಮುಟ್ಟುವುದೇ ಇಲ್ಲ. ಅವನ್ನು ಮುಖ್ಯವಾಗಿ ಓಜೋನ್ ಪದರವು ತಡೆಯುವುದು. ನೆಲದಲ್ಲಿ ನಿಂತು ಆ ಪದರವನ್ನು ಗಣಿಸುವುದು ಅನುಮಾನಪ್ರಮಾಣ. ಬೆಲೂನನ್ನು ಕಳುಹುವುದು ಧೂಮವನ್ನು ನೋಡಿ ತರ್ಕಿಸುವುದನ್ನು ಬಿಟ್ಟು ಪರ್ವತವನ್ನೇ ಹತ್ತಿದಂತೆ.

ಹತ್ತುವ ಯಂತ್ರಕ್ಕೆ ಬೇಕಾದ ಎಚ್ಚರಿಕೆಗಳು ಅನೇಕ. ಕಿಟಕಿಗೆ ಸಾಮಾನ್ಯ ಗಾಜು ಸಲ್ಲದು, ಅಳೆಯಬೇಕಾದುದನ್ನು ಅದೇ ನುಂಗಿಬಿಡುವುದು, ಕ್ವಾರ್ಟ್ಸ್ ಬೇಕು. ಸೋಸುಗಾಜಿನಲ್ಲಿ ಕಾಣುವ ಬೆಳಕು ಅತ್ಯಲ್ಪವಾಗಿ ಸೋರಿದರೂ ಅದು ಅತಿನೇರಳೆಯ ವೇಷದಲ್ಲಿ ಲೆಕ್ಕಕ್ಕೆ ಸೇರುವುದು. ಆದಕಾರಣ ಪ್ರಮಾಣ ತಿಳಿದ ದೀಪದ ಎದುರು ಹಾರಾಟಕ್ಕೆ ಮುಂಚೆಯೂ ಅನಂತರವೂ ಯಂತ್ರವನ್ನು ಪರೀಕ್ಷಿಸಬೇಕು. ನಮ್ಮ ಕಡೆ 16-17 ಕಿಲೊಮೀಟರ್ ಎತ್ತರದಲ್ಲಿ ಶೈತ್ಯವು ಸೊನ್ನೆಗೆ ಕೆಳಗೆ ಸುಮಾರು 80 ಡಿಗ್ರಿಗಳಿಗೆ ಇಳಿಯುವುದು, ಬ್ಯಾಟರಿಗಳು ಸೊರಗುವುವು. 30 ಕಿಲೊಮೀಟರಿನಲ್ಲಿ ವಾಯುವಿನ ಒತ್ತಡವು ನೆಲದ ನೂರರಲ್ಲಿ ಒಂದು ಪಾಲು ಮಾತ್ರ. ಇಷ್ಟರಮೇಲೆ ಪೆಟ್ಟಿಗೆಯು ದಾರದ ತುದಿಯಲ್ಲಿ ಬುಗುರಿಯಂತೆ ತಿರುಗುವುದರಿಂದ, ಅದು ಯಾವ ಕ್ಷಣದಲ್ಲಿ ಯಾವ ದಿಕ್ಕನ್ನು ನೋಡಿತೆಂಬ ಲೆಕ್ಕವಿಲ್ಲದಿದ್ದರೆ ಅಂಕೆಗಳೆಲ್ಲ ನಿರರ್ಥಕ. ದಿಕ್ಕು ತಿಳಿಯಲು ಆ ಸಂಸ್ಥೆಯವರು ಅಗ್ಗದ ಭಾಗಗಳಿಂದ ರೂಪಿಸಿದ ನಕ್ಷತ್ರವೀಕ್ಷಕವೊಂದು 2023ರ ಏಪ್ರಿಲಿನಲ್ಲಿ ಪಿ.ಎಸ್.ಎಲ್.ವಿ. ರಾಕೆಟ್ಟಿನೊಡನೆ ಅಂತರಿಕ್ಷಕ್ಕೂ ಹೋಯಿತು.

ಬೆಲೂನು ಒಡೆದ ಬಳಿಕ ಪೆಟ್ಟಿಗೆಯು ಪ್ಯಾರಾಚೂಟಿನಿಂದ ಇಳಿಯುವುದಷ್ಟೆ. ಎಲ್ಲಿ ಇಳಿಯುವುದೆಂಬುದು ಗಾಳಿಯ ಅಧೀನ. ಮುಂಗಾರಿನಲ್ಲಿ ಕೆಳಗೆ ಪಡುವಣ ಗಾಳಿ, ಮೇಲೆ ಪ್ರಬಲವಾದ ಮೂಡಣ ಗಾಳಿ. ಆ ಮೂಡಣ ಗಾಳಿಗೆ ಸಿಕ್ಕಿದ ಹೊಸಕೋಟೆಯ ಬೆಲೂನು ನಗರದ ಕಡೆಗೆ, ಕೆಲವೊಮ್ಮೆ ಗೋವಿಂದರಾಜನಗರದ ನಮ್ಮ ಮಾಳಿಗೆಗಳ ದಿಕ್ಕಿಗೇ ತೇಲಬಹುದು. ಬೀಳುವುದು ಹೊಲದಲ್ಲಾದರೆ ಅದನ್ನು ಮೊದಲು ಮುಟ್ಟುವವನು ರೈತನು. ಪೆಟ್ಟಿಗೆಯ ಮೇಲೆ ಅದು ಏನು, ಯಾರದು, ಒಡೆಯದೆ ಯಾರಿಗೆ ತಿಳಿಸಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಬರೆದಿರಬೇಕು. ಆ ನಾಲ್ಕು ಪಂಕ್ತಿಗಳನ್ನು ತಿದ್ದಿಕೊಡುವ ಕೆಲಸಕ್ಕೆ ನಮ್ಮ ಕನ್ನಡ ಉಪಾಧ್ಯಾಯರು ಅರ್ಹರು.