ಸೂಡಿ ಹಿಡಿದು ನಡೆದವರು

ಸೊರಬ, ಶಿಕಾರಿಪುರದ ಕಡೆ ಹಿಂದೆ ಕತ್ತಲಾದ ಮೇಲೆ ಹೊರಟವರ ಕೈಯಲ್ಲಿ ಸೂಡಿ ಇರಲೇಬೇಕಿತ್ತು. ಒಣಗಿದ ತೆಂಗಿನ ಗರಿಯನ್ನೋ ಅಡಕೆ ಸೋಗೆಯನ್ನೋ ಬಿಗಿಯಾಗಿ ಕಟ್ಟಿ ತುದಿಗೆ ಬೆಂಕಿ ಮುಟ್ಟಿಸಿದರೆ ಆಯಿತು. ಬೀಸುತ್ತ ನಡೆದರೆ ಉರಿಯುತ್ತದೆ, ಕೈ ನಿಂತರೆ ಹೊಗೆಯಾಡುತ್ತದೆ. ಆಟ ನೋಡಿ ಮರಳುವವರ ಸೂಡಿ ಗದ್ದೆಯ ಆಚೆ ಬದಿಯಲ್ಲಿ ಕಂಡರೆ ಈಚೆಯವರು ‘ಯಾರದು?’ ಎಂದು ಕೂಗುತ್ತಿದ್ದರು. ಹಾವನ್ನು ಕಾಣುವುದಕ್ಕೆ ಹಿಡಿದ ಬೆಳಕೇ ಹಿಡಿದವನನ್ನೂ ತೋರಿಸುತ್ತಿತ್ತು. ಇದು ಎರಡು ಕೆಲಸವೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ಹಬ್ಬಗಳಲ್ಲೂ ಈ ನಡಿಗೆಯಿದೆ. ಭೂಮಿ ಹುಣ್ಣಿಮೆಯಂದು ಬೆಳಗಾಗುವ ಮೊದಲೇ ದೀವರ ಮನೆಗಳಿಂದ ಚರಗದ ಬುಟ್ಟಿ ಹೊತ್ತು, ಕೂಗು ಹಾಕುತ್ತ ಗದ್ದೆಗೆ ಹೋಗುತ್ತಾರೆ. ಹದಿನೈದು ದಿನ ಕಳೆದರೆ ದೀಪಾವಳಿ; ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ಹೊತ್ತಿಸಿದ ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ಒಯ್ಯುವುದು ಅವರ ವ್ರತ. ಮನೆಯವರು ಎಣ್ಣೆ ಎರೆಯುತ್ತಾರೆ. ಅಮಾವಾಸ್ಯೆಯ ಆಸುಪಾಸಿನ ಆ ಕತ್ತಲಲ್ಲಿ ದೀಪ ಕಾಣುವ ಮೊದಲೇ ಹಾಡು ಕೇಳುತ್ತದೆ.

ಕಾಣಿಸಿಕೊಳ್ಳದಿರುವುದೇ ಕ್ಷೇಮವಾಗಿದ್ದ ದಿನಗಳೂ ಇದ್ದವು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತ ಮೇಲೆ ಸೈನ್ಯ ಬಂತು, ಜನ ಕಾಡು ಸೇರಿದರು. 1943ರಲ್ಲಿ ಐವರು ಗಲ್ಲಿಗೇರಿದರು. ಕಾಡಿನಲ್ಲಿ ತಲೆಮರೆಸಿಕೊಂಡವರಿಗೆ ಸೂಡಿ ಶತ್ರು. ನನ್ನ ಮಾತು ಅಂಥ ಕಾಲದ್ದಲ್ಲ, ಸಂತೆಗೆ ಹೋಗಿ ಮನೆಗೆ ಮರಳುವವರದು.

ಸೂಡಿಯ ನಂತರ ಲಾಟೀನು ಬಂತು, ಆಮೇಲೆ ನಾವು ‘ಬ್ಯಾಟ್ರಿ’ ಎನ್ನುವ ಟಾರ್ಚು. ಪಕ್ಕದ ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲೇ ವಿದ್ಯುತ್ತು ಹುಟ್ಟಿತಾದರೂ ನಮ್ಮೂರಿಗೆ ಕಂಬ ಬರಲು ಬಹಳ ಕಾಲ ಹಿಡಿಯಿತು. ಬಂದದ್ದೂ ಊರ ಕೊನೆಯ ಮನೆಯವರೆಗೆ ಮಾತ್ರ. ಅಲ್ಲಿಂದಾಚೆ ಡಾಂಬರು ರಸ್ತೆ, ಕತ್ತಲೆ. ಡಾಂಬರಿನ ಮೇಲೆ ಎಡವುವ ಬೇರಿಲ್ಲ, ಹಾವೂ ಕಡಿಮೆ. ಹಾಗಾಗಿ ಜನ ಬೆಳಕನ್ನು ಮನೆಯಲ್ಲೇ ಬಿಟ್ಟು ಹೊರಟರು.

ನನ್ನ ಚಿಕ್ಕಪ್ಪ ಒಂದು ಮಳೆಗಾಲದ ಸಂಜೆ ಶಿರಾಳಕೊಪ್ಪದ ಸಂತೆ ಮುಗಿಸಿ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು ಬರುತ್ತಿದ್ದರು. ಎದುರಿಗೆ ಬಂದ ಲಾರಿ ತಾಗಿ ಕಾಲು ಹೋಯಿತು. ಚಾಲಕ ಓಡಿಹೋಗಲಿಲ್ಲ, ಆಸ್ಪತ್ರೆಗೆ ಅವನೇ ಹೊತ್ತೊಯ್ದ. ಕಂಬಳಿ ತಾಗುವವರೆಗೂ ಅಲ್ಲಿ ಮನುಷ್ಯನಿದ್ದಾನೆಂದು ಗೊತ್ತಾಗಲಿಲ್ಲವೆಂದು ಅತ್ತ. ಚಿಕ್ಕಪ್ಪ ಸಾಯುವವರೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಅಷ್ಟು ದೂರದಿಂದ ಅವನ ದೀಪ ನಂಗೆ ಕಾಣ್ತಿತ್ತಲ್ಲ ಮಾರಾಯ, ನಾ ಅವನಿಗೆ ಯಾಕೆ ಕಾಣ್ಲಿಲ್ಲ?”

ಇದರಲ್ಲೇ ಎಲ್ಲವೂ ಇದೆ. ಕಣ್ಣು ಕೋರೈಸುವ ಬೆಳಕಿನಲ್ಲಿ ನಿಂತವನಿಗೆ ತಾನೂ ಕಾಣುತ್ತಿದ್ದೇನೆಂದೇ ಅನಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಚಾಲಕ ಕಂಡು, ಬ್ರೇಕು ತುಳಿದು, ಗಾಡಿ ನಿಲ್ಲಲು ಒಣ ರಸ್ತೆಯಲ್ಲೇ 40 ಮೀಟರಿನಷ್ಟು ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು. ತಗ್ಗಿಸಿದ ದೀಪದಲ್ಲಿ ಕಪ್ಪು ಕಂಬಳಿಯವನು ಅದಕ್ಕಿಂತ ಹತ್ತಿರ ಬಂದ ಮೇಲೆ ಮಾತ್ರ ಕಾಣುವುದುಂಟು. ಎದುರು ಬದುರಾಗಿ ಎರಡು ವಾಹನ ಬಂದರಂತೂ ಆ ಬೆಳಕುಗಳ ನಡುವೆ ಮನುಷ್ಯ ಕರಗಿಯೇ ಹೋಗುತ್ತಾನೆ. ಬಿಳಿ ಪಂಚೆಯುಟ್ಟ ನಮ್ಮ ಹಿರಿಯರು ತಿಳಿಯದೆಯೇ ಜಾಣರಾಗಿದ್ದರು.

ನಾನು ಈಗಲೂ ನಡೆಯುವವನೇ. ಪಾದಚಾರಿ ಮಾರ್ಗವಿಲ್ಲದ ಕಡೆ ಬಲಬದಿಯಲ್ಲಿ, ಎದುರಿನ ವಾಹನಕ್ಕೆ ಮುಖ ಮಾಡಿ ನಡೆಯುತ್ತೇನೆ. ಹೆಗಲಿಗೆ ಬಿಳಿ ಟವೆಲು. ಕಂಬಳಿಯಿದ್ದರೆ ಅದರ ಮೇಲೆಯೇ. ಬ್ಯಾಟ್ರಿಯನ್ನು ಚಾಲಕನ ಕಣ್ಣಿಗೆ ಬಿಡದೆ ನೆಲಕ್ಕೆ ಬಿಡುತ್ತೇನೆ. ಅನುಮಾನ ಬಂದರೆ ಡಾಂಬರು ಬಿಟ್ಟು ಮಣ್ಣಿಗಿಳಿಯುತ್ತೇನೆ. ಎಳೆಯರು ನಗುತ್ತಾರೆ, ನಗಲಿ.

ಒಂದು ದೀಪಾವಳಿಗೆ ನಮ್ಮ ಅಂಟಿಗೆ-ಪಂಟಿಗೆ ತಂಡದಲ್ಲಿ ಇದೇ ವಿಷಯಕ್ಕೆ ಜಗಳವಾಯಿತು. ಸಾಲಿನ ಕೊನೆಯವನು ಬ್ಯಾಟ್ರಿ ಹಿಡಿಯಲಿ, ಬೆನ್ನಿಗೆ ಮಿನುಗುವ ಪಟ್ಟಿ ಹಚ್ಚಿಕೊಳ್ಳಲಿ ಎಂದೆ. ದೇವರ ದೀಪ ಇರುವಾಗ ಬೇರೆ ಬೆಳಕು ಹಿಡಿದರೆ ಅದಕ್ಕೆ ಅಪಚಾರವೆಂದರು ಹಿರಿಯರೊಬ್ಬರು. ಬಹಳ ಹೊತ್ತು ವಾದವಾಗಿ, ದೀಪ ಮುಂದೆ, ಬ್ಯಾಟ್ರಿ ಹಿಂದೆ, ನಡುವೆ ಹಾಡುವವರು ಎಂದು ತೀರ್ಮಾನವಾಯಿತು. ಮಿನುಗುವ ಪಟ್ಟಿಗೆ ಮಾತ್ರ ಅವರು ಕೊನೆಗೂ ಒಪ್ಪಲಿಲ್ಲ.