ವಿದೇಶಿ ಭಾಷೆಯ ಆಯ್ಕೆ

ವಿದೇಶಿ ಭಾಷೆಯ ಆಯ್ಕೆ ಎಂದರೆ, ಮಾತೃಭಾಷೆಯನ್ನೂ ಶಾಲೆಯಲ್ಲಿ ಕಲಿತ ಭಾಷೆಗಳನ್ನೂ ಬಲ್ಲವರು ಹೊರದೇಶದ ಮತ್ತೊಂದು ಭಾಷೆಯನ್ನು ಕಲಿಯಲು ಹೊರಟಾಗ, ಯಾವುದನ್ನು ಕಲಿಯಬೇಕೆಂದು ನಿರ್ಧರಿಸುವ ಕ್ರಮ. ಉನ್ನತ ಶಿಕ್ಷಣ, ಉದ್ಯೋಗ, ವಲಸೆ, ಸಾಹಿತ್ಯಾಸಕ್ತಿ ಮೊದಲಾದವು ಇದರ ಹಿಂದಿನ ಸಾಮಾನ್ಯ ಕಾರಣಗಳು. ಒಂದು ಭಾಷೆಯನ್ನು ಉಪಯೋಗಕ್ಕೆ ಬರುವಷ್ಟು ಕಲಿಯಲು ನೂರಾರು ಗಂಟೆಗಳು ಬೇಕಾಗುವುದರಿಂದ, ತಪ್ಪು ಆಯ್ಕೆಗೆ ತೆರುವ ಬೆಲೆ ಕೇವಲ ಶುಲ್ಕವಲ್ಲ, ಕಲಿಯುವ ವಯಸ್ಸಿನ ಕೆಲವು ವರ್ಷಗಳು.

ಕಷ್ಟದ ಅಳತೆ

ಯಾವ ಭಾಷೆ ಸುಲಭ, ಯಾವುದು ಕಠಿಣ ಎಂಬ ಪ್ರಶ್ನೆಗೆ ಅತಿ ಹೆಚ್ಚು ಉಲ್ಲೇಖವಾಗುವ ಪಟ್ಟಿ ಅಮೆರಿಕ ಸರ್ಕಾರದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯದು. ತನ್ನ ರಾಜತಾಂತ್ರಿಕ ಅಧಿಕಾರಿಗಳಿಗೆ ಭಾಷೆ ಕಲಿಸಿದ ಅನುಭವದ ಆಧಾರದ ಮೇಲೆ ಈ ಸಂಸ್ಥೆ ಭಾಷೆಗಳನ್ನು ವರ್ಗೀಕರಿಸಿದೆ. ಫ್ರೆಂಚ್ ಮತ್ತು ಸ್ಪ್ಯಾನಿಷ್‌ಗೆ ಸುಮಾರು 30 ವಾರ, ಜರ್ಮನ್‌ಗೆ ಸುಮಾರು 36 ವಾರ, ರಷ್ಯನ್‌ಗೆ ಸುಮಾರು 44 ವಾರಗಳ ಪೂರ್ಣಾವಧಿ ತರಬೇತಿ ಬೇಕೆಂದೂ, ಅರಬ್ಬಿ, ಚೀನೀ, ಜಪಾನೀ ಮತ್ತು ಕೊರಿಯನ್ ಭಾಷೆಗಳಿಗೆ 88 ವಾರಗಳು ಬೇಕೆಂದೂ ಅದರ ಅಂದಾಜು.

ಈ ಪಟ್ಟಿ ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರಿಗೆ ಮಾತ್ರ ಅನ್ವಯಿಸುತ್ತದೆ. ಭಾರತದಲ್ಲಿ ಅದನ್ನು ಉಲ್ಲೇಖಿಸುವಾಗ ಈ ಅಂಶವನ್ನು ಮರೆಯುವುದೇ ಹೆಚ್ಚು. ಅದೇ ಪಟ್ಟಿಯಲ್ಲಿ ತಮಿಳು ಮತ್ತು ತೆಲುಗು ಭಾಷೆಗಳು ರಷ್ಯನ್ನಿನೊಂದಿಗೆ 44 ವಾರಗಳ ವರ್ಗದಲ್ಲಿವೆ. ಕೋಲಾರದ ಸಂತೆಯಲ್ಲಿ ವ್ಯಾಪಾರ ಮಾಡುತ್ತಲೇ ತೆಲುಗು ಕಲಿತ ಕನ್ನಡಿಗನಿಗೆ ಈ ಲೆಕ್ಕ ಹೊಂದುವುದಿಲ್ಲ. ಕಷ್ಟವೆಂಬುದು ಭಾಷೆಯೊಂದರ ಸ್ವಂತ ಗುಣವಲ್ಲ. ಕಲಿಯುವವರಿಗೆ ಮೊದಲೇ ತಿಳಿದಿರುವ ಭಾಷೆಗೂ ಅದಕ್ಕೂ ಇರುವ ಅಂತರ.

ಕನ್ನಡ ಬಲ್ಲವರ ದೃಷ್ಟಿಯಿಂದ

ಈ ಅಂತರವನ್ನು ಕನ್ನಡದಿಂದ ಅಳೆದರೆ ಪಟ್ಟಿಯ ಕ್ರಮ ಬಹಳಷ್ಟು ಬದಲಾಗುತ್ತದೆ. ಜಪಾನೀ ಭಾಷೆ ಇದಕ್ಕೆ ಉತ್ತಮ ಉದಾಹರಣೆ. ಕನ್ನಡದಂತೆ ಅದರಲ್ಲೂ ಕರ್ತೃ, ಕರ್ಮ, ಕ್ರಿಯೆ ಎಂಬುದು ಸಹಜ ಪದಕ್ರಮ. "ವತಾಶಿ ವ ಹೊನ್ ಒ ಯೊಮು" ಎಂಬ ವಾಕ್ಯವನ್ನು ಅದೇ ಕ್ರಮದಲ್ಲಿ "ನಾನು ಪುಸ್ತಕವನ್ನು ಓದುತ್ತೇನೆ" ಎಂದು ಕನ್ನಡಿಸಬಹುದು. ಇಲ್ಲಿನ "ಒ" ಎಂಬ ಪ್ರತ್ಯಯ ನಮ್ಮ ದ್ವಿತೀಯಾ ವಿಭಕ್ತಿಯ ಕೆಲಸವನ್ನು ಮಾಡುತ್ತದೆ. "ನಿನ್ನೆ ಕೊಂಡ ಪುಸ್ತಕ" ಎಂಬುದು "ಕಿನೋ ಕತ್ತ ಹೊನ್" ಎಂದಾಗುತ್ತದೆ. ಇಂಗ್ಲಿಷಿನಂತೆ ನಾಮಪದದ ನಂತರ ಉಪವಾಕ್ಯವನ್ನು ಜೋಡಿಸಬೇಕಾಗಿಲ್ಲ. ರುಚಿ ನೋಡಲು ಹೇಳುವಾಗ ಕನ್ನಡಿಗರು "ತಿಂದು ನೋಡು" ಎನ್ನುತ್ತಾರೆ. ಜಪಾನೀಯರ "ತಬೆತೆ ಮಿರು" ಎಂಬುದಕ್ಕೂ ಅಕ್ಷರಶಃ ಅದೇ ಅರ್ಥ. ಕೊರಿಯನ್ ಭಾಷೆಯಲ್ಲಿಯೂ "ತಿನ್ನು" ಮತ್ತು "ನೋಡು" ಎಂಬ ಧಾತುಗಳು ಹೀಗೆಯೇ ಕೂಡುತ್ತವೆ. ಇವು ರಚನೆಯ ಸಾಮ್ಯಗಳು ಮಾತ್ರ. ದ್ರಾವಿಡ ಭಾಷೆಗಳಿಗೂ ಜಪಾನೀ ಭಾಷೆಗೂ ವಂಶ ಸಂಬಂಧವಿದೆ ಎಂಬ ವಾದವನ್ನು ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಿಲ್ಲ.

ಜಪಾನೀ ಭಾಷೆಯ ನಿಜವಾದ ಹೊರೆ ಇರುವುದು ಲಿಪಿಯಲ್ಲಿ. ಹಿರಗಾನ ಮತ್ತು ಕತಕಾನ ಎಂಬ ಎರಡು ಅಕ್ಷರಮಾಲೆಗಳ ತಲಾ 46 ಮೂಲಾಕ್ಷರಗಳನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಅಲ್ಲದೆ ಅವುಗಳ ವರ್ಣಕ್ರಮವು ಬೌದ್ಧ ಧರ್ಮದೊಂದಿಗೆ ಹೋದ ಭಾರತೀಯ ಅಕ್ಷರಶಾಸ್ತ್ರವನ್ನು ಅನುಸರಿಸಿರುವುದರಿಂದ, ಸ್ವರಗಳ ನಂತರ ಕ-ವರ್ಗದಿಂದ ಆರಂಭವಾಗುವ ಸಾಲು ಕನ್ನಡಿಗರಿಗೆ ಅಪರಿಚಿತವೆನಿಸದು. ಆದರೆ 2010ರಲ್ಲಿ ಪರಿಷ್ಕೃತವಾದ ಅಧಿಕೃತ ಪಟ್ಟಿಯಲ್ಲಿ 2,136 ಕಾಂಜಿ ಚಿಹ್ನೆಗಳಿವೆ. ಮಾತನಾಡಲು ಕಲಿತವರು ಪತ್ರಿಕೆಯನ್ನು ಓದಲಾರದೆ ನಿಲ್ಲುವುದು ಇಲ್ಲಿಯೇ. 15ನೇ ಶತಮಾನದಲ್ಲಿ ರೂಪುಗೊಂಡ ಕೊರಿಯಾದ ಹಂಗುಲ್ ಲಿಪಿಯಲ್ಲಿ 24 ಮೂಲಾಕ್ಷರಗಳಷ್ಟೇ ಇರುವುದರಿಂದ ಅಲ್ಲಿ ಈ ತೊಡಕಿಲ್ಲ.

ಚೀನೀ ಭಾಷೆಯ ಪದಕ್ರಮ ಇಂಗ್ಲಿಷಿಗೆ ಹತ್ತಿರ; ಆದರೆ ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುತ್ತದೆ. ಆದರೂ ಅಲ್ಪಪ್ರಾಣ-ಮಹಾಪ್ರಾಣಗಳ ಭೇದ ತಿಳಿದವರಿಗೆ ಒಂದು ಅನುಕೂಲವುಂಟು: ರೋಮನ್ ಲಿಪಿಯಲ್ಲಿ "ಬಿ" ಮತ್ತು "ಪಿ" ಎಂದು ಬರೆಯುವ ಚೀನೀ ಧ್ವನಿಗಳ ನಡುವಿನ ಭೇದ ವಾಸ್ತವವಾಗಿ ಮಹಾಪ್ರಾಣದ್ದೇ.

ಜರ್ಮನ್ ಭಾಷೆಯ ನಾಲ್ಕು ವಿಭಕ್ತಿಗಳನ್ನು ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂದು ಶಾಲಾ ವ್ಯಾಕರಣದ ಹೆಸರುಗಳಿಂದಲೇ ಗುರುತಿಸಬಹುದು. ಲಿಂಗ ವ್ಯವಸ್ಥೆ ಮಾತ್ರ ಕಠಿಣ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸಿದರೆ ಜರ್ಮನ್ನಿನಲ್ಲಿ ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗ. (ಹವ್ಯಕ ಕನ್ನಡದಲ್ಲಿ ಸ್ತ್ರೀಯರನ್ನು ಕುರಿತು ನಪುಂಸಕ ರೂಪಗಳನ್ನು ಬಳಸುವುದುಂಟು, ಆ ಉಪಭಾಷೆಯನ್ನಾಡುವವರಿಗೆ ಇದು ಅಷ್ಟು ವಿಚಿತ್ರವಾಗಿ ತೋರದಿರಬಹುದು.) ಫ್ರೆಂಚ್ ಭಾಷೆಯಲ್ಲಿ ಬರೆದ ಅನೇಕ ಅಕ್ಷರಗಳನ್ನು ಉಚ್ಚರಿಸುವುದಿಲ್ಲ. ಬರೆದಂತೆ ಓದುವ ರೂಢಿಯವರಿಗೆ ಸ್ಪ್ಯಾನಿಷ್ ಹೆಚ್ಚು ಒಗ್ಗುತ್ತದೆ.

ಉದ್ದೇಶ ಮತ್ತು ಬೇಕಾದ ಮಟ್ಟ

ಸುಲಭವೆಂಬ ಒಂದೇ ಕಾರಣಕ್ಕೆ ಆರಿಸಿದ ಭಾಷೆ ಮೊದಲ ಹಂತದಲ್ಲೇ ನಿಂತುಹೋಗುವುದು ಸಾಮಾನ್ಯ. ಆದುದರಿಂದ ಉದ್ದೇಶಕ್ಕೆ ಯಾವ ಮಟ್ಟದವರೆಗಿನ ಕಲಿಕೆ ಬೇಕೆಂಬುದನ್ನು ಮೊದಲೇ ತಿಳಿಯುವುದು ಅಗತ್ಯ. ಯುರೋಪಿನ ಭಾಷೆಗಳಿಗೆ 2001ರಲ್ಲಿ ಪ್ರಕಟವಾದ ಸಾಮಾನ್ಯ ಮಾನದಂಡವು ಎ1ರಿಂದ ಸಿ2ರವರೆಗೆ ಆರು ಮಟ್ಟಗಳನ್ನು ಗುರುತಿಸುತ್ತದೆ. ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಪಡೆದ ದಾದಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಮಟ್ಟವನ್ನು ಕೇಳುತ್ತಾರೆ. ಎ1 ಅಥವಾ ಎ2 ಪ್ರಮಾಣಪತ್ರದೊಂದಿಗೆ ಕಲಿಕೆ ನಿಲ್ಲಿಸಿದವರಿಗೆ ಈ ದಾರಿ ತೆರೆಯುವುದಿಲ್ಲ. ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮಟ್ಟಗಳಿವೆ. ಜಪಾನ್ 2019ರಲ್ಲಿ ಆರಂಭಿಸಿದ ನಿರ್ದಿಷ್ಟ ಕುಶಲ ಕಾರ್ಮಿಕರ ವೀಸಾಕ್ಕೆ ಎನ್4 ಅಥವಾ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ ಸಾಕಾಗುತ್ತದೆ. ಈ ಪರೀಕ್ಷೆಯಲ್ಲಿ ಮಾತನಾಡುವ ವಿಭಾಗವೇ ಇಲ್ಲದಿರುವುದರಿಂದ, ಉತ್ತೀರ್ಣರಾದ ಮಾತ್ರಕ್ಕೆ ಸಂಭಾಷಣೆ ಬರುತ್ತದೆಂದು ಭಾವಿಸಲಾಗದು.

ಅರಬ್ಬಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ತರಗತಿಗಳಲ್ಲಿ ಕಲಿಸುವ ಶಿಷ್ಟ ಅರಬ್ಬಿಗೂ ದೇಶದಿಂದ ದೇಶಕ್ಕೆ ಬದಲಾಗುವ ಆಡುನುಡಿಗೂ ದೊಡ್ಡ ಅಂತರವಿದೆ. ಕರಾವಳಿ ಕರ್ನಾಟಕದಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರಿಗೆ ಬೇಕಾಗುವುದು ಎರಡನೆಯದು. ಗ್ರಂಥಾಧ್ಯಯನಕ್ಕೆ ಬೇಕಾಗುವುದು ಮೊದಲನೆಯದು.

ಶಾಲೆಗಳಲ್ಲಿ

ವಿದ್ಯಾರ್ಥಿಯ ಆಯ್ಕೆ ಯಾವಾಗಲೂ ಅವನ ಕೈಯಲ್ಲಿರುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದಂತೆ ಜರ್ಮನ್ ತೃತೀಯ ಭಾಷೆಯಾಗಿತ್ತು. 2014ರ ಅಕ್ಟೋಬರ್‌ನಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಆ ಸ್ಥಾನದಿಂದ ಅದನ್ನು ತೆಗೆದು ಸಂಸ್ಕೃತವನ್ನು ತರಲು ನಿರ್ಧರಿಸಲಾಯಿತು. ತ್ರಿಭಾಷಾ ಸೂತ್ರದ ದೃಷ್ಟಿಯಿಂದ ನಿರ್ಧಾರ ಸಮರ್ಥನೀಯವೇ ಎಂಬ ಚರ್ಚೆ ಏನೇ ಇರಲಿ, ಅರ್ಧಕ್ಕೆ ಬಿಟ್ಟು ಬೇರೆ ಭಾಷೆಗೆ ಹೊರಳಬೇಕಾಗಿ ಬಂದವರು ಸಾವಿರಾರು ಮಕ್ಕಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲಾ ಹಂತದ ವಿದೇಶಿ ಭಾಷೆಗಳಿಗೆ ಕೊರಿಯನ್, ಜಪಾನೀ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್ ಮತ್ತು ರಷ್ಯನ್ ಹೆಸರುಗಳನ್ನು ಉದಾಹರಣೆಯಾಗಿ ನೀಡಿದೆ. 2019ರ ಕರಡಿನಲ್ಲಿದ್ದ ಚೀನೀ ಭಾಷೆ ಅಂತಿಮ ಪಠ್ಯದಲ್ಲಿಲ್ಲ.

ಎರಡನೆಯ ವಿದೇಶಿ ಭಾಷೆ

ಈಗಾಗಲೇ ಒಂದು ವಿದೇಶಿ ಭಾಷೆ ಕಲಿತವರಿಗೆ ಅದರ ಬಳಗದ ಭಾಷೆಯೇ ಬೇಗ ದಕ್ಕುತ್ತದೆ. ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಮತ್ತು ಇಟಾಲಿಯನ್ ಭಾಷೆಗಳು ಲ್ಯಾಟಿನ್‌ನಿಂದ ಬಂದವಾದ್ದರಿಂದ ಒಂದರ ಶಬ್ದಸಂಪತ್ತು ಮತ್ತೊಂದಕ್ಕೆ ಒದಗುತ್ತದೆ. ಆದರೆ ಮೊದಲನೆಯದು ಗಟ್ಟಿಯಾಗುವ ಮುನ್ನ ಎರಡನೆಯದನ್ನು ಹಿಡಿದರೆ ಎರಡೂ ಬೆರೆಯುತ್ತವೆ. ಬೇರೆ ಬೇರೆ ವಂಶದ ಭಾಷೆಗಳಲ್ಲಿಯೂ ಲಿಪಿಯ ಮೂಲಕ ಇಂತಹ ನೆರವೂ ಗೊಂದಲವೂ ಉಂಟಾಗಬಹುದು. ಕಾಂಜಿ ಬಲ್ಲವರಿಗೆ ಚೀನೀ ಬರಹದ ಅನೇಕ ಚಿಹ್ನೆಗಳು ಪರಿಚಿತವೆನಿಸುತ್ತವೆ. ಆದರೆ "ಕೈ" ಮತ್ತು "ಕಾಗದ" ಎಂಬ ಎರಡು ಚಿಹ್ನೆಗಳು ಕೂಡಿದರೆ ಜಪಾನಿನಲ್ಲಿ ಅಂಚೆಯ ಪತ್ರವಾಗುತ್ತದೆ, ಚೀನಾದಲ್ಲಿ ಶೌಚಾಲಯದ ಕಾಗದವಾಗುತ್ತದೆ.