ಎರಡೇ ಸುಳಿವಿನ ಸುಡೊಕು, ಮುಮ್ಮಡಿಯವರ ಕುದುರೆ

ಈ ಸಲದ ಮಾತು ಶುರುವಾಗಿದ್ದು ಲೋಣಾವಳಾದಲ್ಲಿ. ಜುಲೈ ಮಳೆ, ಪುಣೆಯಿಂದ ನಾವು ನಾಲ್ಕು ಜನ ಸಹೋದ್ಯೋಗಿಗಳು ಹೋಗಿದ್ವಿ. ಭುಶಿ ಡ್ಯಾಮ್ ನೋಡೋ ಪ್ಲಾನು. ಆದರೆ ಎದುರಿನ ಚಿಕ್ಕಿ ಅಂಗಡಿ ಬೋರ್ಡೇ ಕಾಣದಷ್ಟು ಮಂಜು, ಮೇಲೆ ಕರೆಂಟೂ ಹೋಯ್ತು. ಆಗ ನಮ್ಮಲ್ಲೊಬ್ಬ ಕಾಗದದ ಮೇಲೆ 9 × 9 ಮನೆ ಗೀಚಿ, ಒಂದು ಕಡೆ 1, ಇನ್ನೊಂದು ಕಡೆ 2 ಬರೆದು "ಬಿಡಿಸು" ಅಂದ.

ತಮಾಷೆ ಅಂದ್ಕೊಂಡೆ. ಮಾಮೂಲಿ ಸುಡೊಕುಗೆ ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಅಂಕಿಗಳನ್ನು ಕೊಟ್ಟಿರಲೇಬೇಕು. ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವೈರ್ ತಂಡ 2012ರಲ್ಲಿ ಕಂಪ್ಯೂಟರ್ ಓಡಿಸಿ ಇದನ್ನು ತೋರಿಸಿತು. ಇಲ್ಲಿ ಬರೀ ಎರಡು! ಗುಟ್ಟು ಇರೋದು ಹೆಚ್ಚುವರಿ ನಿಯಮಗಳಲ್ಲಿ. ಚದುರಂಗದ ಕುದುರೆ ಒಂದು ನಡೆಯಲ್ಲಿ ಮುಟ್ಟುವ ಮನೆಯಲ್ಲಿ ಅದೇ ಅಂಕಿ ಬರಬಾರದು, ರಾಜ ಮುಟ್ಟುವ ಮನೆಯಲ್ಲೂ ಬರಬಾರದು. ಜೊತೆಗೆ, ಅಕ್ಕಪಕ್ಕ, ಮೇಲೆ ಕೆಳಗೆ 4-5ರಂಥ ಅನುಕ್ರಮದ ಅಂಕಿ ಕೂಡದು. ಮಿಚೆಲ್ ಲೀ ರಚಿಸಿದ ಈ 'ಮಿರಾಕಲ್ ಸುಡೊಕು' 2020ರ ಮೇನಲ್ಲಿ ಕ್ರ್ಯಾಕಿಂಗ್ ದ ಕ್ರಿಪ್ಟಿಕ್ ಅನ್ನೋ ಬ್ರಿಟಿಷ್ ಚಾನೆಲ್‌ನಿಂದ ಜಗತ್ತಿಗೆಲ್ಲ ಗೊತ್ತಾಯ್ತು. ನಿಯಮ ಜಾಸ್ತಿಯಾದಷ್ಟೂ ಸುಳಿವು ಕಮ್ಮಿ ಸಾಕು, ನೋಡಿ.

ಕುದುರೆ ಅಂದ ಕೂಡಲೇ ನನಗೆ ಮೈಸೂರು ನೆನಪಾಯ್ತು. ಸುಡೊಕುವಿನ ವಯಸ್ಸು ಕಮ್ಮಿ. ಅಮೆರಿಕದ ಹೊವಾರ್ಡ್ ಗಾರ್ನ್ಸ್ ರಚಿಸಿದ 'ನಂಬರ್ ಪ್ಲೇಸ್' ಅಚ್ಚಾಗಿದ್ದು 1979ರಲ್ಲಿ, ಜಪಾನಿನ ನಿಕೋಲಿ ಅದನ್ನು ತನ್ನದಾಗಿಸಿಕೊಂಡಿದ್ದು 1984ರಲ್ಲಿ. ಅದಕ್ಕಿಂತ ನೂರು ವರ್ಷಕ್ಕೂ ಹಿಂದೆ, ಚೌಕದ ಮನೆಗಳಿಗೆ ನಿಯಮದ ಮೇಲೆ ನಿಯಮ ಹೇರಿ ಆಡುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಬೇಕು, ಅದು ಮೊದಲ ನಿಯಮ. ಮುಟ್ಟಿದ ಕ್ರಮದಲ್ಲಿ 1ರಿಂದ 64 ಬರೆದರೆ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಕೂಡಿದಾಗ 260 ಬರಬೇಕು, ಇದು ಎರಡನೆಯದು. ಈ ಥರದ ಮಾಯಾಚೌಕವೂ ಆಗುವ ಕುದುರೆ ನಡೆಗಳನ್ನು ಅವರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಟ್ಟಿದರು.

ಇದೆಷ್ಟು ಕಷ್ಟ ಅಂತೀರಾ? ಹೊರಟ ಮನೆಗೇ ಮರಳಬಹುದಾದ ಕುದುರೆ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚಿವೆ. ಮರಳದ ಸುತ್ತುಗಳನ್ನೂ ಸೇರಿಸಿಕೊಂಡರೂ ಈ 260ರ ನಿಯಮ ಪಾಲಿಸೋದು ಬರೀ 140. ಕರ್ಣಗಳೂ 260 ಆಗುವಂಥದ್ದು ಒಂದೂ ಇಲ್ಲ. 2003ರ ಆಗಸ್ಟ್‌ನಲ್ಲಿ ಇದು ಖಚಿತವಾಗಿದ್ದು 1 ಗಿಗಾಹರ್ಟ್ಸ್ ಯಂತ್ರದ 61 ದಿನಗಳ ಲೆಕ್ಕದಿಂದ.

ಇಷ್ಟು ಹೇಳೋ ಹೊತ್ತಿಗೆ ಒಬ್ಬ, "ರಾಜ್ಯ ಹೋದ ರಾಜ, ಇನ್ನೇನು ಮಾಡ್ತಾನೆ, ಆಟ ಆಡ್ತಾನೆ" ಅಂದ. ನಾನೂ ಹಿಂದೆ ಹಾಗೇ ಅಂದ್ಕೊಂಡಿದ್ದೆ. ಐದು ವರ್ಷಕ್ಕೇ, 1799ರಲ್ಲಿ ಪಟ್ಟ. ನಗರದ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಕಂಪನಿ ಆಡಳಿತವನ್ನು ಕಿತ್ತುಕೊಂಡಿತು. ದಂಗೆಗೆ ಕಾರಣವಾದ ತೆರಿಗೆ ವಸೂಲಿಯಲ್ಲಿ ಅವರ ತಪ್ಪಿಲ್ಲ ಅಂತ ನಾನು ಹೇಳಲ್ಲ. ಆದರೆ ಆಮೇಲಿನ 37 ವರ್ಷ ಅವರು ಸುಮ್ಮನೆ ಕೂರಲಿಲ್ಲ. ರಾಜ್ಯ ವಾಪಸ್ ಕೊಡಿ ಅಂತ ಮತ್ತೆ ಮತ್ತೆ ಪತ್ರ ಬರೆದರು. 'ಶ್ರೀತತ್ತ್ವನಿಧಿ'ಯಂಥ ಗ್ರಂಥ ಬರೆಸಿದರು, ಅದರ ಕೊನೆಯ ಭಾಗ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗ ಕೊಟ್ಟರು. 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಬ್ರಿಟಿಷರು ಒಪ್ಪಲೇಬೇಕಾಯ್ತು. 1868ರಲ್ಲಿ ತೀರಿಕೊಂಡರು. ಆ ದತ್ತುಪುತ್ರ ಚಾಮರಾಜೇಂದ್ರರಿಗೆ 1881ರಲ್ಲಿ ರಾಜ್ಯ ಮರಳಿತು. ಬೇರೆಯವರು ಹಾಕಿದ ನಿಯಮಗಳ ಒಳಗೇ ದಾರಿ ಹುಡುಕಿದ ಮನುಷ್ಯ ಇವರು. ಇವರನ್ನು ಸೋಮಾರಿ ಅನ್ನೋಕೆ ನನಗೆ ಬಾಯಿ ಬರಲ್ಲ.

ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರಲಿಲ್ಲ. ಇದ್ದಿದ್ದರೆ ಹತ್ತು ಸಾಲಿನ ಕೋಡ್ ಬರೆದು ಬಿಡಿಸಿಬಿಡ್ತಿದ್ದೆ, ಎಂಟೆಕ್ ಮಾಡಿದ್ದು ಅದಕ್ಕೇ ತಾನೆ. ಪೆನ್ಸಿಲ್ ಹಿಡಿದು ಬರೀ ಮೊದಲ ನಿಯಮದ ಕುದುರೆ ಸುತ್ತಿಗೆ ಕೂತೆ, 260ರ ತಂಟೆಗೆ ಹೋಗಲೇ ಇಲ್ಲ. ಮಳೆ ನಿಲ್ಲೋವರೆಗೆ ಮೂರು ಸಲ ಅಳಿಸಿದೆ. ಕೊನೇ ಸಲ 57ನೇ ಮನೆಯಲ್ಲಿ ಕುದುರೆ ಸಿಕ್ಕಿಹಾಕಿಕೊಂಡಿತು.